ಭತ್ತವಿದ್ದಲ್ಲಿ ಚಾವಡಿ, ದುಡ್ಡಿದ್ದಲ್ಲಿ ಬಂಗ್ಲೆ

ಪುತ್ತೂರು, ಸುಳ್ಯ, ಕಡಬ ಕಡೆಗೆ ಬಂದವರು ಇಲ್ಲಿ ನೋಡುವಂಥ ಹಳೆಯ ಕಟ್ಟಡ ಯಾವುದಿದೆ ಎಂದು ಕೇಳಿದರೆ ನಮ್ಮವರು ಮೊದಲು ದೇವಸ್ಥಾನಗಳ ಹೆಸರು ಹೇಳುತ್ತಾರೆ, ಆಮೇಲೆ ಕಾರಂತರ ಬಾಲವನ ಎನ್ನುತ್ತಾರೆ. ಅಲ್ಲಿಗೆ ಪಟ್ಟಿ ಮುಗಿಯುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಂಥದ್ದು, ಕಾರ್ಕಳದ ಗೊಮ್ಮಟನಂಥದ್ದು ನಮ್ಮಲ್ಲಿಲ್ಲ. ಘಟ್ಟದ ಬುಡದ ಈ ಮಣ್ಣಿನಲ್ಲಿ ಕಲ್ಲಿನ ಅರಮನೆ ಕಟ್ಟಿಸಿದ ದೊಡ್ಡ ರಾಜರೂ ಇರಲಿಲ್ಲ. ಹಾಗೆಂದು ಇಲ್ಲಿ ಕಟ್ಟಡಗಳ ಚರಿತ್ರೆಯೇ ಇಲ್ಲ ಎಂದುಕೊಂಡರೆ ತಪ್ಪು. ಬೀಡು, ಗುತ್ತು, ಗರಡಿ, ಖಜಾನೆ, ಸೊಸೈಟಿ, ಬೋರ್ಡ್ ಶಾಲೆ, ಇವೆಲ್ಲ ಇಲ್ಲಿ ಒಂದರ ಹಿಂದೊಂದರಂತೆ ಎದ್ದವು. ಊರಿನ ಭತ್ತ ಅಥವಾ ದುಡ್ಡು ಯಾವ ಕಾಲದಲ್ಲಿ ಯಾರ ಕೈಯಲ್ಲಿತ್ತು ಎಂಬ ಲೆಕ್ಕ ಹಿಡಿದು ಹೋದರೆ ಈ ಕಟ್ಟಡಗಳು ಒಂದಕ್ಕೊಂದು ಹೊಂದಿಕೊಂಡು ಅರ್ಥವಾಗುತ್ತವೆ.

ಮೂರು ತಾಲ್ಲೂಕುಗಳನ್ನು ಒಟ್ಟಿಗೆ ನೋಡಲು ಕಾರಣವೂ ಇದೆ. ಮದರಾಸು ಪ್ರಾಂತ್ಯದ ಕಾಲದಲ್ಲಿ ಇವೆಲ್ಲ ಉಪ್ಪಿನಂಗಡಿ ಎಂಬ ಒಂದೇ ತಾಲ್ಲೂಕಿನೊಳಗಿದ್ದವು. ತಾಲ್ಲೂಕಿನ ಹೆಸರು ಉಪ್ಪಿನಂಗಡಿಯದ್ದಾದರೂ ಕಚೇರಿ ಇದ್ದದ್ದು ಪುತ್ತೂರಿನಲ್ಲಿ. ಬೆಳ್ತಂಗಡಿ, ಸುಳ್ಯ ಬೇರೆಯಾದದ್ದು ಮತ್ತಿನ ಮಾತು. ಈಚಿನ ವರ್ಷಗಳಲ್ಲಿ ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಸೇರಿಸಿ ಕಡಬ ತಾಲ್ಲೂಕು ಮಾಡಿದರು. ಸುಳ್ಯ ತಾಲ್ಲೂಕಿನದೆಂದು ಪಠ್ಯಪುಸ್ತಕದಲ್ಲಿ ನಾವು ಓದಿದ ಕುಕ್ಕೆ ಸುಬ್ರಹ್ಮಣ್ಯ ಈಗ ಕಡಬಕ್ಕೆ ಸೇರಿದೆ. ಗಡಿಗಳು ಹೀಗೆ ಸರಿಯುತ್ತ ಹೋದರೂ ಮನೆ ಕಟ್ಟುವ ಕ್ರಮ ಮೂರೂ ಕಡೆ ಒಂದೇ ಆಗಿತ್ತು. ಅದನ್ನು ನಿರ್ಧರಿಸಿದ್ದು ಮಳೆ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಘಟ್ಟಕ್ಕೆ ಹತ್ತಿರವಾದಷ್ಟೂ ಮಳೆ ಜಾಸ್ತಿ. ಇಂಥ ಕಡೆ ಕಟ್ಟಡದ ಆಯುಸ್ಸನ್ನು ಗೋಡೆಗಿಂತ ಮಾಡು ನಿರ್ಧರಿಸುತ್ತದೆ. ಗೋಡೆಗೆ ಮುರಕಲ್ಲು ಇಲ್ಲವೇ ಮಣ್ಣು, ಕಂಬ ತೊಲೆಗಳಿಗೆ ಹಲಸು, ಬೇಂಗ, ಕಿರಾಲುಬೋಗಿ, ಹೆಬ್ಬಲಸು. ಮಾಡಿಗೆ ಮುಳಿಹುಲ್ಲು, ಬಡವರಿಗೆ ಅಡಿಕೆಯ ಸೋಗೆ ಅಥವಾ ತೆಂಗಿನ ಮಡಲು. ಮಾಡು ಗೋಡೆಯನ್ನು ದಾಟಿ ಮುಂದೆ ಚಾಚಿಕೊಂಡು ಬರಬೇಕು, ಇರಚಲು ಹೊಡೆಯದಂತೆ ಜಗಲಿಯ ತನಕ ಇಳಿಯಬೇಕು. ಮುಳಿಯನ್ನು ಮಳೆಗಾಲಕ್ಕೆ ಮೊದಲೇ ಹೊದೆಸಿ ಮುಗಿಸಬೇಕು. ಒಂದು ಮಳೆಗಾಲ ತಪ್ಪಿದರೆ ತೊಲೆಗೆ ನೀರು ಇಳಿಯುತ್ತದೆ, ಇನ್ನೊಂದು ತಪ್ಪಿದರೆ ಒರಲೆ ಹತ್ತುತ್ತದೆ, ಮೂರನೆಯದಕ್ಕೆ ಗೋಡೆ ಕುಸಿಯುತ್ತದೆ. ಅದಕ್ಕೇ ನಮ್ಮಲ್ಲಿ ಮುನ್ನೂರು ವರ್ಷದ ಮನೆ ಎಂದರೆ ಮುನ್ನೂರು ವರ್ಷ ಯಾರೋ ಬಿಡದೆ ನೋಡಿಕೊಂಡ ಮನೆ ಎಂದು ಅರ್ಥ. ಆ ನೋಡಿಕೊಳ್ಳುವ ಶಕ್ತಿ ಎಲ್ಲಿಂದ ಬರುತ್ತಿತ್ತು? ಗೇಣಿಯಿಂದ.

ಬೀಡು ಮತ್ತು ಗುತ್ತಿನ ಮನೆಗಳು ಮೂಲತಃ ಗೇಣಿಯ ಭತ್ತ ಬಂದು ಸೇರುವ ಜಾಗಗಳು. ಒಕ್ಕಲುಗಳು ಮುಡಿ ಲೆಕ್ಕದಲ್ಲಿ ಅಕ್ಕಿ ತಂದು ಅಳೆಯುತ್ತಿದ್ದರು. ಅದನ್ನು ತುಂಬಿಡಲು ಪತ್ತಾಯ ಬೇಕು, ಪತ್ತಾಯ ಇಡಲು ಒಣಗಿದ ಕೋಣೆ ಬೇಕು, ಒಳಗಿನ ತಂಪು ಕಾಯಲು ಮರದ ಮುಚ್ಚಿಗೆ ಬೇಕು, ಮೇಲೆ ಅಟ್ಟ ಬೇಕು. ಭತ್ತ ಅಳೆಯಲು ಅಂಗಳ. ಲೆಕ್ಕ ಹೇಳಲು, ನ್ಯಾಯ ತೀರ್ಮಾನಿಸಲು ಚಾವಡಿ. ಊರಿನ ದೈವದ ಭಂಡಾರವೂ ಹೆಚ್ಚಾಗಿ ಅದೇ ಮನೆಯಲ್ಲಿ. ನೇಮದ ದಿನ ಭಂಡಾರ ಹೊರಡುವುದೂ ಅಲ್ಲಿಂದಲೇ. ಹೀಗೆ ಉಗ್ರಾಣ, ನ್ಯಾಯಸ್ಥಾನ, ದೈವಸ್ಥಾನ ಮೂರೂ ಒಂದೇ ಮಾಡಿನ ಕೆಳಗೆ ಬಂದವು. ಚಾವಡಿಯ ಕಂಬಗಳ ಕೆತ್ತನೆ, ಬೋದಿಗೆಯ ಹೂಬಳ್ಳಿ, ದಾರಂದದ ಮೇಲಿನ ಪಟ್ಟಿಕೆ ನೋಡಿ ನಾವು ಆಚಾರಿಗಳ ಕೈಚಳಕವನ್ನು ಹೊಗಳುತ್ತೇವೆ, ಹೊಗಳಲೇಬೇಕು. ಆದರೆ ಚಾವಡಿ ಅಷ್ಟು ಎತ್ತರದಲ್ಲಿ ಯಾಕಿದೆ ಎಂದೂ ಕೇಳಬೇಕು. ಯಾರು ಚಾವಡಿಯಲ್ಲಿ ಕೂರಬಹುದು, ಯಾರು ಜಗಲಿಯ ತನಕ ಬರಬಹುದು, ಯಾರು ಅಂಗಳದ ಆಚೆ ನಿಲ್ಲಬೇಕು ಎಂಬುದನ್ನು ಆ ಎತ್ತರವೇ ಹೇಳುತ್ತಿತ್ತು.

ಅಂಗಳದ ಆಚೆ ನಿಂತವರ ಮನೆಗಳ ಚರಿತ್ರೆಗೆ ಇಲ್ಲಿ ಒಂದು ಕಂಬವೂ ಉಳಿದಿಲ್ಲ. ಸೋಗೆಯ ಗುಡಿಸಲು ಎರಡು ಮಳೆಗಾಲಕ್ಕೆ ಮಣ್ಣಾಗುತ್ತದೆ. ತೊಲೆಗೆ ಮರ ಕಡಿಯುವ ಹಕ್ಕು ಆ ಜನರಿಗೆ ಇರಲಿಲ್ಲ, ನಿಂತ ನೆಲವೂ ಅವರದ್ದಾಗಿರಲಿಲ್ಲ. ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆದಾಗ ಧಣಿಯ ಮನೆಯ ಜೊತೆಗೆ ಆ ಗುಡಿಸಲಿನ ಒಳಗನ್ನೂ ತೋರಿಸಿದರು. ಪುತ್ತೂರು ಸೀಮೆಯ ಹಳೆಯ ಕಟ್ಟಡಗಳ ಬಗ್ಗೆ ಬರೆಯುವವರು ಆ ಪುಸ್ತಕವನ್ನೂ ಒಂದು ದಾಖಲೆಯೆಂದು ಎಣಿಸಬೇಕು ಎಂಬುದು ನನ್ನ ಅಭಿಪ್ರಾಯ. ಬೇರೆ ಸಾಕ್ಷ್ಯವನ್ನು ಮಳೆ ಉಳಿಸಿಲ್ಲ.

ಬೀಡುಗಳ ನೆನಪು ಪಾಡ್ದನಗಳಲ್ಲಿ ಗಟ್ಟಿಯಾಗಿದೆ. ಕೋಟಿ–ಚೆನ್ನಯರ ಕತೆ ನಡೆಯುವುದು ಇದೇ ನೆಲದಲ್ಲಿ: ಪುತ್ತೂರು ತಾಲ್ಲೂಕಿನ ಪಡುಮಲೆಯಿಂದ ಶುರುವಾಗಿ ಪಂಜ, ಎಣ್ಮೂರುಗಳ ತನಕ. ಪಡುಮಲೆಯ ಬಲ್ಲಾಳ, ಪಂಜದ ಬಲ್ಲಾಳ, ಎಣ್ಮೂರಿನ ಬಲ್ಲಾಳ, ಹೀಗೆ ಒಂದೊಂದು ಬೀಡಿಗೆ ಒಬ್ಬೊಬ್ಬ ಒಡೆಯ. ಅವಳಿ ವೀರರು ಒಂದು ಬೀಡಿನ ಅನ್ಯಾಯ ತಾಳದೆ ಹೊರಟು ಇನ್ನೊಂದು ಬೀಡಿನ ಆಶ್ರಯಕ್ಕೆ ಹೋಗುತ್ತಾರೆ, ಕೊನೆಗೆ ಎಣ್ಮೂರಿನ ಪರವಾಗಿ ಕಾದಿ ಮಡಿಯುತ್ತಾರೆ. ಪಡುಮಲೆ ಬಳಿಯ ಗೆಜ್ಜೆಗಿರಿಯನ್ನು ಈ ವೀರರ ತಾಯಿ ದೇಯಿ ಬೈದೆತಿ ಮತ್ತು ಅವಳ ಮಕ್ಕಳ ಮೂಲಸ್ಥಾನವೆಂದು ಭಕ್ತರು ಈಚೆಗೆ ದೊಡ್ಡದಾಗಿ ಪುನರುತ್ಥಾನ ಮಾಡಿದ್ದಾರೆ. ಆ ವೀರರನ್ನು ಆರಾಧಿಸುವ ಗರಡಿಗಳಲ್ಲಿ ಎಣ್ಮೂರಿನದ್ದು ಆದಿ ಗರಡಿ ಎಂದು ತುಳುನಾಡಿನಾದ್ಯಂತ ಗೌರವ. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಬಲ್ಲಾಳರ ಬೀಡುಗಳ ಅಡಿಪಾಯ ಹುಡುಕಲು ಕಷ್ಟಪಡಬೇಕು, ಆದರೆ ಅವರ ಎದುರು ನಿಂತ ಇಬ್ಬರು ಯುವಕರ ಗರಡಿಗಳು ಉಳಿದಿವೆ. ಬಲ್ಲಾಳರ ಅಧಿಕಾರ ಹೋದ ಮೇಲೆ ಬೀಡಿನ ಮಾಡು ರಿಪೇರಿ ಮಾಡುವವರು ಇರಲಿಲ್ಲ. ಗರಡಿಗೆ ಜನ ಇದ್ದರು, ವರ್ಷಕ್ಕೊಂದು ಜಾತ್ರೆ ಇತ್ತು, ಕೈಯಲ್ಲಿದ್ದದ್ದನ್ನು ಕೊಡುವ ಮನಸ್ಸಿತ್ತು.

ಭತ್ತದ ಜಾಗಕ್ಕೆ ದುಡ್ಡು ಬಂದ ಕತೆಗೆ ಬೆಳ್ಳಾರೆಗೆ ಹೋಗಬೇಕು. ಅಲ್ಲಿಯ ಬಂಗ್ಲೆಗುಡ್ಡೆಯಲ್ಲಿ ಊರವರು ಖಜಾನೆಯೆಂದು ಗುರುತಿಸುವ ಹಳೆಯ ಕಟ್ಟಡ ಇದೆ. ನೋಡಲು ದೊಡ್ಡದಲ್ಲ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಇತಿಹಾಸದ ದೃಷ್ಟಿಯಿಂದ ಅತಿ ಮುಖ್ಯವಾದ ಜಾಗ ಯಾವುದು ಎಂದು ಕೇಳಿದರೆ ನಾನು ಅದನ್ನೇ ಹೇಳುತ್ತೇನೆ.

ಸುಳ್ಯ, ಬೆಳ್ಳಾರೆ ಕಡೆಯ ಅಮರ ಸುಳ್ಯ ಮಾಗಣೆ ಕೊಡಗಿನ ಅರಸರ ಕೈಯಲ್ಲಿತ್ತು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು. ಘಟ್ಟದ ಕೆಳಗಿನ ಈ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ತೀರ್ವೆಯನ್ನು ಬೆಳೆದ ಧಾನ್ಯದ ರೂಪದಲ್ಲಿ ಕೊಡಬಹುದಿತ್ತು. ಕಂಪೆನಿ ಸರಕಾರ ನಗದು ಕೇಳಿತು. ಕೇಳುವುದಕ್ಕೆ ಇದು ಲೆಕ್ಕಪತ್ರದ ಸಣ್ಣ ಬದಲಾವಣೆ. ಒಕ್ಕಲಿಗನ ಪಾಲಿಗೆ ಹಾಗಲ್ಲ. ಕೊಯ್ಲು ಮುಗಿದ ಕೂಡಲೇ, ಎಲ್ಲರೂ ಮಾರುವ ಹೊತ್ತಿನಲ್ಲೇ, ವ್ಯಾಪಾರಿ ಹೇಳಿದ ಬೆಲೆಗೆ ಭತ್ತ ಮಾರಿ ರೂಪಾಯಿ ಮಾಡಿಕೊಳ್ಳಬೇಕು. ಸಾಲದೆ ಬಂದರೆ ಬಡ್ಡಿಗೆ ಸಾಲ ತರಬೇಕು. ಪತ್ತಾಯದಲ್ಲಿ ಭತ್ತ ಇದ್ದೂ ತೀರ್ವೆ ಬಾಕಿದಾರನಾಗುವ ಸ್ಥಿತಿ ಅದು. ಉಪ್ಪು, ಹೊಗೆಸೊಪ್ಪಿನ ಮೇಲೂ ಸರಕಾರದ ಹಿಡಿತವಿತ್ತು.

ಇದರ ವಿರುದ್ಧ ಕೆದಂಬಾಡಿ ರಾಮಯ್ಯ ಗೌಡರ ನಾಯಕತ್ವದಲ್ಲಿ ಜನ ಪೂಮಲೆಯಲ್ಲಿ ಸೇರಿದರು. ಮಗನ ಮದುವೆಯ ನೆಪ ಮಾಡಿ ಜನ ಕೂಡಿಸಿದರು ಎಂದು ಸುಳ್ಯದ ಕಡೆ ಹೇಳುತ್ತಾರೆ. ಕೊಡಗಿನ ರಾಜವಂಶದ ಹೆಸರಿನಲ್ಲಿ ಕಲ್ಯಾಣಸ್ವಾಮಿಯನ್ನು ಮುಂದಿಟ್ಟುಕೊಂಡ ಈ ದಂಡು 1837ರ ಮಾರ್ಚ್ 30ರಂದು ಮೊದಲು ಹಿಡಿದದ್ದು ಬೆಳ್ಳಾರೆಯ ಖಜಾನೆಯನ್ನು. ನಗದು ತೀರ್ವೆಯಿಂದ ಸೋತವರು ನಗದು ಕೂಡಿಟ್ಟ ಕಟ್ಟಡದ ಮೇಲೆಯೇ ಮೊದಲು ಹೋದರು. ಮುಂದೆ ಪುತ್ತೂರು. ಕಲೆಕ್ಟರ್ ಲೆವಿನ್ ಸೈನ್ಯದೊಂದಿಗೆ ಪುತ್ತೂರಿನ ತನಕ ಬಂದು ಹಿಂದೆ ಸರಿಯಬೇಕಾಯಿತು. ಅಲ್ಲಿಂದ ಪಾಣೆಮಂಗಳೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು. ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಸೆರೆಮನೆ ತೆರೆದರು, ಕಚೇರಿಗೆ ಬೆಂಕಿ ಬಿತ್ತು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಹೊರಗಿನಿಂದ ಸೈನ್ಯ ಬಂದ ಮೇಲೆ ಎಲ್ಲ ಮುರಿಯಿತು. ದಂಡಿನ ಮುಂದಾಳುಗಳಿಗೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಾಯಿತು. ಅವರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಾತ್ರ ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. 1857ರ ಬಂಡಾಯಕ್ಕೆ ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು.

ಕುಕ್ಕೆಯ ಬಳಿಯ ಕುಳಕುಂದದಲ್ಲಿ ಹುಟ್ಟಿದ ನಿರಂಜನರು ಈ ಘಟನೆಯ ಮೇಲೆ ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದರು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ಪ್ರತಿಮೆ ಬಂದದ್ದು ಸಂತೋಷದ ಸಂಗತಿ. ಹಾಗೆಯೇ ಬೆಳ್ಳಾರೆಯ ಆ ಗುಡ್ಡೆಯೂ ಮುಖ್ಯ. ಪ್ರತಿಮೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಖಜಾನೆ ಇದ್ದ ಜಾಗ ಮಾತ್ರ ಒಂದೇ. ಶಾಲೆಯ ಮಕ್ಕಳನ್ನು ಅಲ್ಲಿ ನಿಲ್ಲಿಸಿ ತೀರ್ವೆ ಎಂದರೇನು, ಭತ್ತ ಮಾರಿ ರೂಪಾಯಿ ಮಾಡುವುದು ಅಂದಿನ ರೈತನಿಗೆ ಯಾಕೆ ಅಷ್ಟು ಕಷ್ಟವಾಯಿತು ಎಂದು ಅರ್ಧ ಗಂಟೆ ವಿವರಿಸಿದರೆ ಸಾಕು, ಅವರಿಗೆ ಇತಿಹಾಸದ ಒಂದು ಪಾಠ ಪೂರ್ತಿ ಅರ್ಥವಾಗುತ್ತದೆ.

ದಂಗೆಯ ನಂತರದ ಕಾಲದಲ್ಲಿ ಕಟ್ಟಡಗಳ ರೂಪ ಬದಲಿಸಿದ್ದು ಹಂಚು. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ದೋಣಿ, ಎತ್ತಿನ ಗಾಡಿಗಳಲ್ಲಿ ಹಂಚು ಒಳನಾಡಿಗೆ ಹತ್ತತೊಡಗಿತು. ಮೊದಲು ಸರಕಾರಿ ಕಚೇರಿ, ಆಮೇಲೆ ದೊಡ್ಡವರ ಮನೆ, ದೇವಸ್ಥಾನ, ಎಷ್ಟೋ ಕಾಲದ ನಂತರ ಸಾಮಾನ್ಯರ ಮನೆ. ಮುಳಿಯ ಮಾಡಿಗೆ ಬೆಂಕಿಯ ಭಯ ಇತ್ತು, ವರ್ಷ ವರ್ಷ ಹೊದೆಸುವ ಖರ್ಚಿತ್ತು. ಹಂಚಿಗೆ ಮಳೆಗಾಲದ ಮೊದಲು ಒಮ್ಮೆ ಕೈಯಾಡಿಸಿ, ಒಡೆದದ್ದನ್ನು ಬದಲಿಸಿದರೆ ಮುಗಿಯಿತು. ಹಳೆಯ ಮನೆಯ ವಯಸ್ಸು ತಿಳಿಯಬೇಕೆಂದವರು ಈಗಲೂ ಹಂಚಿನ ಬೆನ್ನು ನೋಡುತ್ತಾರೆ. ಅಲ್ಲಿ ಕಾರ್ಖಾನೆಯ ಹೆಸರು, ಗುರುತು ಅಚ್ಚಾಗಿರುತ್ತದೆ. ಆದರೆ ಅದರಿಂದ ಸಿಗುವುದು ಮಾಡಿನ ವಯಸ್ಸು, ಮನೆಯದ್ದಲ್ಲ. ಹಂಚಿನ ಕೆಳಗೆ ಪಕಾಸು, ರೀಪು ಹೊಸತಾಗಿದ್ದು ತೊಲೆ ಮಾತ್ರ ತೀರ ಹಳೆಯದಾಗಿರಬಹುದು. ಮಾಡಿನ ಇಳಿಜಾರು ಹಂಚಿಗೆ ಬೇಕಾದುದಕ್ಕಿಂತ ಕಡಿದಾಗಿದ್ದರೆ ಅದು ಮುಳಿಯ ಕಾಲದ ಮನೆ ಇರಬಹುದು. ಕಬ್ಬಿಣದ ಮೊಳೆ ಇಲ್ಲದೆ ಮರಕ್ಕೆ ಮರದ ಬೆಣೆ ಹೊಡೆದು ಕೂಡಿಸಿದ್ದರೆ ಅದೂ ಒಂದು ಸುಳಿವು. ಗೋಡೆಯ ಸಂದಿನಲ್ಲಿರುವುದು ಮಣ್ಣೇ, ಸುಣ್ಣವೇ, ಸಿಮೆಂಟೇ ಎಂದು ಉಗುರಿನಿಂದ ಕೆರೆದು ನೋಡಬಹುದು.

ಪುತ್ತೂರು ಪೇಟೆ ತಾಲ್ಲೂಕು ಕೇಂದ್ರವಾಗಿ ಬೆಳೆದಂತೆ ಅಲ್ಲಿ ಕಚೇರಿ, ಕೋರ್ಟು, ಬಂಗ್ಲೆಗಳು ಎದ್ದವು. ಈಗಲೂ ಸಹಾಯಕ ಕಮಿಷನರರ ಕಂದಾಯ ಉಪವಿಭಾಗಕ್ಕೆ ಪುತ್ತೂರೇ ಕೇಂದ್ರ. ಮಾಯ್ ದೆ ದೇವುಸ್ ಇಗರ್ಜಿ 1830ರಲ್ಲೇ ಆರಂಭವಾಗಿತ್ತು, ಎಂದರೆ ಬೆಳ್ಳಾರೆಯ ಖಜಾನೆ ಲೂಟಿಯಾಗುವುದಕ್ಕೂ ಮೊದಲು. ಆದರೆ ಪುತ್ತೂರಿಗೆ ಅದರದ್ದೇ ಆದ ಗುಣ ಕೊಟ್ಟ ಕಟ್ಟಡಗಳ ಹಿಂದೆ ಸರಕಾರಕ್ಕಿಂತ ಮೊಳಹಳ್ಳಿ ಶಿವರಾಯರು ಇದ್ದಾರೆ. ನಗದಿನ ಕಾಲದಲ್ಲಿ ರೈತನಿಗೆ ಬೇಕಾದದ್ದು ಸಾಲ. ಸಾಲ ಸಾಹುಕಾರನ ಕೈಯಲ್ಲಿತ್ತು. ದೇಶದ ಮೊದಲ ಸಹಕಾರಿ ಸಾಲ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಶಿವರಾಯರು 1909ರಲ್ಲೇ ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿದ್ದೂ ಪುತ್ತೂರಿನಲ್ಲೇ, ಅದು ಮಂಗಳೂರಿಗೆ ಹೋದದ್ದು ಆಮೇಲೆ. 1837ರಲ್ಲಿ ಖಜಾನೆಗೆ ನುಗ್ಗಿದ ರೈತರ ಮೊಮ್ಮಕ್ಕಳು, ಮರಿಮಕ್ಕಳು ತಮ್ಮದೇ ಖಜಾನೆಗೆ ಸದಸ್ಯರಾದರು. ಇಂದು ಹಳ್ಳಿ ಹಳ್ಳಿಗಳಲ್ಲಿರುವ ಸೊಸೈಟಿ ಕಟ್ಟಡಗಳ ಮೂಲ ಅಲ್ಲಿದೆ. ಅವುಗಳಲ್ಲಿ ಹಳೆಯವು ಹಂಚಿನ ಮಾಡಿನ, ಉದ್ದ ಜಗಲಿಯ ಸಾದಾ ಕಟ್ಟಡಗಳು. ಇವು ಸ್ಮಾರಕಗಳೆಂದು ಯಾರಿಗೂ ಅನಿಸುವುದಿಲ್ಲ, ಅದಕ್ಕೇ ಮೊದಲು ಹೋಗುವುದೂ ಇವೇ.

ಕೊಂಬೆಟ್ಟಿನ ಬೋರ್ಡ್ ಹೈಸ್ಕೂಲು 1916ರಲ್ಲಿ ಶುರುವಾದದ್ದರಲ್ಲೂ ಶಿವರಾಯರ ಪಾತ್ರ ದೊಡ್ಡದು. ಬೋರ್ಡ್ ಶಾಲೆಗಳ ನಕ್ಷೆ ಬಹಳ ಸರಳ: ಸಾಲಾಗಿ ಕೋಣೆಗಳು, ಮುಂದೆ ಮರದ ಕಂಬದ ಜಗಲಿ, ಎತ್ತರದ ಮಾಡು, ಗಾಳಿಗೆ ಎದುರುಬದುರು ಕಿಟಕಿ. ಗುತ್ತಿನ ಮನೆಯ ಜಗಲಿಗೂ ಶಾಲೆಯ ಜಗಲಿಗೂ ಕಟ್ಟುವ ಕ್ರಮದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಅದೇ ಆಚಾರಿಗಳು, ಅದೇ ಮರ. ಆದರೆ ಈ ಜಗಲಿಗೆ ಎಲ್ಲ ಮಕ್ಕಳೂ ಹತ್ತಬಹುದಿತ್ತು, ಕಾನೂನಿನ ಮಟ್ಟಿಗಾದರೂ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧದ ತಮ್ಮ ಪ್ರವಾಸದಲ್ಲಿ ಕೊಡಗಿನಿಂದ ಇಳಿದು ಪುತ್ತೂರಿಗೆ ಬಂದರು. ಅವರು ಮಾತಾಡಿದ ಅಶ್ವತ್ಥಕಟ್ಟೆಯನ್ನು ಗಾಂಧಿಕಟ್ಟೆ ಎಂದು ಪೇಟೆಯವರು ಇಂದಿಗೂ ಉಳಿಸಿಕೊಂಡಿದ್ದಾರೆ. ಗೋಡೆ ಮಾಡು ಎರಡೂ ಇಲ್ಲದ ಆ ಕಟ್ಟೆಯನ್ನೂ ನಾನು ಈ ಪಟ್ಟಿಗೆ ಸೇರಿಸುತ್ತೇನೆ. ಬಸ್ ನಿಲ್ದಾಣದ ಗದ್ದಲದ ನಡುವೆ ಒಂದು ಮರ, ಒಂದು ಕಟ್ಟೆ ಇಷ್ಟು ವರ್ಷ ಉಳಿದದ್ದು ಸಣ್ಣ ಸಂಗತಿಯಲ್ಲ.

ಇನ್ನು ಪರ್ಲಡ್ಕದ ಬಾಲವನ. ಭತ್ತದ ಬಲವೂ ಖಜಾನೆಯ ಬಲವೂ ಇಲ್ಲದೆ ಹುಟ್ಟಿದ ಜಾಗ ಅದು. ಕೋಟದಲ್ಲಿ ಹುಟ್ಟಿದ ಕಾರಂತರು ಮೊಳಹಳ್ಳಿ ಶಿವರಾಯರ ಒಡನಾಟದಲ್ಲಿ ಪುತ್ತೂರಿಗೆ ಬಂದು ನೆಲೆಸಿದರು. ಸುಮಾರು ನಾಲ್ಕು ದಶಕ ಇಲ್ಲಿದ್ದರು. ಪೇಟೆಯಿಂದ ಆಚೆಯ ಗುಡ್ಡದಲ್ಲಿ ಮನೆ, ಮಕ್ಕಳು ಕುಣಿದು ಕಲಿಯಲೆಂದು ನಾಟ್ಯಶಾಲೆ ಕಟ್ಟಿದರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೂ ನಡೆಸಿದರು. ಪಠ್ಯಪುಸ್ತಕ ಬಾಯಿಪಾಠ ಮಾಡಿಸುವ ಶಾಲೆಗೆ ಪರ್ಯಾಯವೊಂದನ್ನು ಮಾಡಿ ನೋಡಬೇಕೆಂಬ ಹಂಬಲ ಅವರದ್ದು. 1936ರ ‘ಬಾಲಪ್ರಪಂಚ’ ಆ ಹಂಬಲದ್ದೇ ಇನ್ನೊಂದು ರೂಪ. 1930ರ ದಶಕದಲ್ಲಿ ಶಿವರಾಯರೂ ಕಾರಂತರೂ ಸೇರಿ ನಡೆಸಿದ ದಸರಾ ನಾಡಹಬ್ಬಕ್ಕೆ ಕನ್ನಡದ ದೊಡ್ಡ ಬರಹಗಾರರು ಘಟ್ಟ ಇಳಿದು ಬರುತ್ತಿದ್ದರು. ಒಂದು ತಾಲ್ಲೂಕು ಪೇಟೆ ಕನ್ನಡದ ನಕ್ಷೆಯಲ್ಲಿ ಗುರುತು ಪಡೆದದ್ದು ಹೀಗೆ.

ಬಾಲವನದ ಕಟ್ಟಡಗಳಲ್ಲಿ ಆಡಂಬರವಿಲ್ಲ. ಹಂಚಿನ ಮಾಡು, ಬೆಳಕು ಗಾಳಿ ಧಾರಾಳ, ಸುತ್ತ ಮರ. ಕಾರಂತರು ಪುತ್ತೂರು ಬಿಟ್ಟು ಸಾಲಿಗ್ರಾಮಕ್ಕೆ ಹೋದ ಮೇಲೆ ಅವು ಬಹುಕಾಲ ಮಂಕಾಗಿದ್ದವು. ಈಗ ಸರಕಾರದ ಉಸ್ತುವಾರಿಯಲ್ಲಿವೆ, ಮನೆಯನ್ನು ಹಳೆಯ ರೂಪ ಕೆಡದಂತೆ ದುರಸ್ತಿ ಮಾಡಲಾಗಿದೆ. ಇದು ನಮ್ಮ ಕಡೆ ಅಪರೂಪ. ಸಾಧಾರಣವಾಗಿ ಇಲ್ಲಿ ದುರಸ್ತಿ ಎಂದರೆ ಹಂಚು ತೆಗೆದು ಶೀಟು ಹಾಕುವುದು, ಕಾವಿಯ ನೆಲದ ಮೇಲೆ ಟೈಲ್ಸ್ ಕೂರಿಸುವುದು, ಸುಣ್ಣದ ಗಾರೆಯ ಮೇಲೆ ಸಿಮೆಂಟು ಬಳಿಯುವುದು. ಸುಣ್ಣದ ಗೋಡೆ ಹೀರಿದ ತೇವವನ್ನು ಮತ್ತೆ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಗೋಡೆ ಉಬ್ಬಿ ಉದುರುತ್ತದೆ. ಹಳೆಯ ಕಟ್ಟಡದ ಮೇಲಿನ ಪ್ರೀತಿಯಿಂದಲೇ ಮಾಡಿದ ರಿಪೇರಿ ಎಷ್ಟೋ ಕಡೆ ಅದನ್ನು ಬೇಗ ಕೊಂದಿದೆ.

ಕಾರಂತರ ‘ಬೆಟ್ಟದ ಜೀವ’ (1943) ಓದಿದವರಿಗೆ ಕಡಬ–ಸುಬ್ರಹ್ಮಣ್ಯ ಕಡೆಯ ಇನ್ನೊಂದು ಬಗೆಯ ಮನೆ ನೆನಪಿರುತ್ತದೆ. ಕುಮಾರಪರ್ವತದ ಸೆರಗಿನಲ್ಲಿ, ಕಾಡಿನ ನಡುವೆ, ಕೈಯಾರೆ ಮರ ಕಡಿದು ಅಡಿಕೆ ತೋಟ ಮಾಡಿದ ಗೋಪಾಲಯ್ಯನ ಮನೆ. ಬೀಡಿನ ಗತ್ತು ಅದಕ್ಕಿಲ್ಲ. ದಾರಿ ತಪ್ಪಿ ಬಂದವರಿಗೆ ಬಿಸಿನೀರು, ಊಟ, ಮಲಗಲು ಜಾಗ ಸಿಗುವ ಜಗಲಿ ಅದು. ಮುಂದೆ ಈ ಸೀಮೆಯ ಹಣವೆಲ್ಲ ಇಂಥ ತೋಟಗಳಿಂದಲೇ ಬಂತು. ಗದ್ದೆಗಳು ಹಂತ ಹಂತವಾಗಿ ಅಡಿಕೆ ತೋಟಗಳಾದವು. ಪತ್ತಾಯಗಳು ಖಾಲಿಯಾದವು.

ದೊಡ್ಡ ಮನೆಗಳು ಕುಸಿದದ್ದಕ್ಕೆ ಮೂರು ಕಾನೂನುಗಳ ಹಿನ್ನೆಲೆ ಇದೆ. 1949ರ ಮದರಾಸು ಅಳಿಯಸಂತಾನ ಕಾಯಿದೆ ಕೂಡುಕುಟುಂಬದ ಆಸ್ತಿ ಪಾಲಿಗೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅದನ್ನು ಇನ್ನಷ್ಟು ಮುಂದಕ್ಕೆ ಒಯ್ದಿತು. 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ನಿಲ್ಲಿಸಿ ಉಳುವವನನ್ನು ಒಡೆಯನನ್ನಾಗಿ ಮಾಡಿತು. ಇದನ್ನು ಕಳೆದುಹೋದ ವೈಭವವೆಂದು ಮರುಗುವವರ ಜೊತೆ ನಾನಿಲ್ಲ. ಅಂಗಳದ ಆಚೆ ನಿಲ್ಲಬೇಕಾಗಿದ್ದವರ ಮಕ್ಕಳು ತಮ್ಮದೇ ಜಾಗದಲ್ಲಿ ಹಂಚಿನ ಮನೆ, ಆಮೇಲೆ ತಾರಸಿ ಮನೆ ಕಟ್ಟಿಕೊಂಡರು. ಅದೂ ಕಟ್ಟಡಗಳ ಚರಿತ್ರೆಯೇ, ಅದರ ಅತ್ಯುತ್ತಮ ಅಧ್ಯಾಯವೂ ಹೌದು. ಆದರೆ ಗೇಣಿ ನಿಂತ ಮೇಲೆ ನಲವತ್ತು ಕೋಣೆಯ ಮನೆಯ ಮಾಡು ನೋಡಿಕೊಳ್ಳುವ ಖರ್ಚು ಯಾರದ್ದು? ಪಾಲಾದ ಮನೆಗೆ ಹತ್ತು ಜನ ಹಕ್ಕುದಾರರು, ಹಂಚು ಕೈಯಾಡಿಸಲು ಒಬ್ಬರೂ ಇಲ್ಲ. ಒಬ್ಬ ಮುಂಬಯಿಯಲ್ಲಿ, ಒಬ್ಬ ಬೆಂಗಳೂರಿನಲ್ಲಿ, ಒಬ್ಬಳು ದುಬಾಯಿಯಲ್ಲಿ. ನೇಮದ ದಿನ ಮಾತ್ರ ಎಲ್ಲರೂ ಕೂಡುತ್ತಾರೆ. ಕೊನೆಗೆ ದೈವದ ಕೋಣೆ ಮತ್ತು ಚಾವಡಿಯನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ಬಿಚ್ಚುತ್ತಾರೆ.

ಬಿಚ್ಚಿದ ಮನೆಯ ಮರಕ್ಕೆ ಈಗ ಒಳ್ಳೆಯ ಬೆಲೆ ಇದೆ. ಹಲಸಿನ ಕಂಬ, ಕೆತ್ತಿದ ದಾರಂದ, ಮುಚ್ಚಿಗೆಯ ಹಲಗೆಗಳು ರೆಸಾರ್ಟುಗಳಿಗೂ ನಗರದ ಹೊಸ ಮನೆಗಳಿಗೂ ಹೋಗುತ್ತವೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದು ಬೇರೆ ಮಾತು, ಅಲ್ಲಿ ಮನೆ ಮನೆಯಾಗಿಯೇ ಉಳಿಯಿತು. ಬಿಡಿ ಬಿಡಿಯಾಗಿ ಮಾರಿದ ಕಂಬ ಹಾಗಲ್ಲ. ಅದು ಯಾವ ಊರಿನದ್ದು, ಯಾರ ಚಾವಡಿಯದ್ದು ಎಂಬುದು ಲಾರಿ ಹತ್ತಿದ ದಿನವೇ ಮರೆತುಹೋಗುತ್ತದೆ.

ದೇವಸ್ಥಾನಗಳ ಬಗ್ಗೆ ಹೇಳುವುದು ಸ್ವಲ್ಪ ನಾಜೂಕು. ಪುತ್ತೂರಿನ ಮಹಾಲಿಂಗೇಶ್ವರ, ನೇತ್ರಾವತಿ–ಕುಮಾರಧಾರಾ ಸಂಗಮದ ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ, ತೊಡಿಕಾನದ ಮಲ್ಲಿಕಾರ್ಜುನ, ಪಂಜದ ಪಂಚಲಿಂಗೇಶ್ವರ, ಕುಕ್ಕೆ. ಇವು ಶತಮಾನಗಳಿಂದ ಪೂಜೆ ನಡೆಯುತ್ತಿರುವ ಜಾಗಗಳು. ಜೀರ್ಣೋದ್ಧಾರ ಮಾಡಿ ಬ್ರಹ್ಮಕಲಶ ನಡೆಸುವುದು ನಮ್ಮ ಪದ್ಧತಿಯ ಒಳಗಿನದ್ದೇ. ದೇವರು ಇರುವ ಕಟ್ಟಡ ಹಾಳು ಬೀಳಬಾರದು. ಕುಕ್ಕೆಯಲ್ಲಿ ಸುಮಾರು ನಾನೂರು ವರ್ಷ ಹಳೆಯದೆಂದು ಹೇಳುತ್ತ ಬಂದ ಬ್ರಹ್ಮರಥದ ಜಾಗಕ್ಕೆ 2019ರಲ್ಲಿ ಹೊಸ ರಥ ಬಂತು. ಎಳೆಯುವ ರಥ ಗಟ್ಟಿಯಿರಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಕಳಕಳಿ ಹಳೆಯದ್ದನ್ನು ತೆಗೆಯುವ ಹೊತ್ತಿನ ಅವಸರದ ಬಗ್ಗೆ. ಕಳೆದ ಕೆಲವು ದಶಕಗಳಲ್ಲಿ ಊರೂರಿನ ದೇವಸ್ಥಾನಗಳ ಮುರಕಲ್ಲು, ಮರದ ಕೆಲಸ ಹೋಗಿ ಕಗ್ಗಲ್ಲಿನ ಕೆತ್ತನೆ ಬಂದಿದೆ. ಕೆತ್ತನೆ ಚೆನ್ನಾಗಿಯೇ ಇದೆ, ಆದರೆ ಎಲ್ಲ ಕಡೆ ಒಂದೇ ಬಗೆ. ಕಿತ್ತ ಮರದ ಕೆತ್ತನೆ, ಸವೆದ ಮೆಟ್ಟಿಲುಕಲ್ಲು, ಅಕ್ಷರವಿರುವ ಚಪ್ಪಡಿ ಹಿಂದಿನ ಪೌಳಿಯ ಮೂಲೆಯಲ್ಲೋ ಕೆರೆಯ ಬದಿಯಲ್ಲೋ ಬಿದ್ದಿರುತ್ತವೆ. ಆಹ್ವಾನ ಪತ್ರಿಕೆಗೆ ಹತ್ತು ಪುಟ ಅಚ್ಚು ಹಾಕುವ ಸಮಿತಿ, ಬಿಚ್ಚುವ ಮೊದಲು ಹತ್ತು ಫೋಟೋ ತೆಗೆದು, ಒಂದು ನಕ್ಷೆ ಬರೆಸಿ ಇಟ್ಟರೆ ಖರ್ಚು ಎಷ್ಟು ಆದೀತು?

ಕರ್ನಾಟಕದಲ್ಲಿ ಪ್ರಾಚೀನ ಸ್ಮಾರಕಗಳ ಕಾಯಿದೆ 1961ರಿಂದ ಇದೆ. ಅದು ಸರಕಾರ ಘೋಷಿಸಿದ ಸ್ಮಾರಕವನ್ನು ಕಾಯುತ್ತದೆ. ಬೋರ್ಡ್ ಶಾಲೆ, ಸೊಸೈಟಿ ಕಟ್ಟಡ, ಕುಟುಂಬದ ಮೂಲಮನೆಯಾದ ಐನ್‌ಮನೆ, ಪಟೇಲರ ಚಾವಡಿಗಳನ್ನು ಘೋಷಿಸುತ್ತ ಹೋಗಲು ಯಾವ ಸರಕಾರಕ್ಕೂ ಆಗದು, ಆಗಬೇಕಾದ್ದೂ ಇಲ್ಲ. ಜನ ವಾಸಿಸುವ ಮನೆಯನ್ನು ಕಾನೂನಿನಿಂದ ಕಟ್ಟಿಹಾಕಿದರೆ ಮನೆಯವರು ಅದನ್ನು ದ್ವೇಷಿಸತೊಡಗುತ್ತಾರೆ. ಆದರೆ ಸಾರ್ವಜನಿಕರದ್ದಾದ ಕಟ್ಟಡಗಳ ಮಾತು ಬೇರೆ. ಶತಮಾನ ದಾಟಿದ ಸರಕಾರಿ ಶಾಲೆಯ ಮಾಡು ಸೋರಿದರೆ ಎಸ್ಟಿಮೇಟು ತಯಾರಾಗುವುದು ಹೊಸ ಕೊಠಡಿಗೆ, ಹಂಚಿನ ರಿಪೇರಿಗಲ್ಲ. ಹೊಸ ತಾರಸಿ ಹತ್ತು ವರ್ಷದಲ್ಲಿ ಸೋರತೊಡಗಿ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಿನ ಶೀಟು ಹೊದೆಸುವುದನ್ನು ಈ ತಾಲ್ಲೂಕುಗಳ ಯಾವ ರಸ್ತೆಯಲ್ಲಾದರೂ ನೋಡಬಹುದು. ಇಲ್ಲಿಯ ಮಳೆಗೆ ಇಳಿಜಾರಿನ ಮಾಡೇ ಬೇಕೆಂಬುದನ್ನು ಹಳೆಯ ಆಚಾರಿಗಳು ತಿಳಿದಿದ್ದರು. ನಾವು ಎರಡು ಮಾಡಿನ ಖರ್ಚು ಮಾಡಿ ಅದನ್ನೇ ಮತ್ತೆ ಕಲಿಯುತ್ತಿದ್ದೇವೆ. ಶಾಲೆ, ಹಳೆಯ ಕಚೇರಿ, ಪ್ರವಾಸಿ ಬಂಗ್ಲೆಗಳ ದುರಸ್ತಿಗೆ ಹಂಚು ಮತ್ತು ಮರದ ದರಪಟ್ಟಿಯನ್ನೇ ಇಟ್ಟು ಎಸ್ಟಿಮೇಟು ಮಾಡಲು ತಾಲ್ಲೂಕು ಪಂಚಾಯತುಗಳು ಒತ್ತಾಯಿಸಬಹುದು.

ಖಾಸಗಿ ಮನೆಗಳಿಗೆ ಬೇರೆ ದಾರಿ ಇದೆ: ನಕ್ಷೆ ಬರೆದು ದಾಖಲಿಸುವುದು. ಪುತ್ತೂರಿನಲ್ಲಿ 1958ರ ಫಿಲೋಮಿನಾ ಕಾಲೇಜು, 1965ರ ವಿವೇಕಾನಂದ ಕಾಲೇಜು ಇವೆ. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ವಿದ್ಯಾಸಂಸ್ಥೆಗಳಿವೆ. ಎರಡೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಇತಿಹಾಸ ಓದುವ ಇಬ್ಬರು, ಸಿವಿಲ್ ಓದುವ ಇಬ್ಬರು, ಊರಿನ ಒಬ್ಬ ಹಿರಿಯ ಆಚಾರಿ, ಒಂದು ಅಳತೆ ಟೇಪು. ಒಂದು ಮನೆಯ ನಕ್ಷೆ ಬರೆಯಲು ಎರಡು ದಿನ ಸಾಕು. ಪ್ರತಿ ಕೋಣೆಯ ಹೆಸರು ಮನೆಯವರು ಕರೆಯುವ ಹಾಗೆಯೇ ಬರೆದುಕೊಳ್ಳಬೇಕು. ಯಾವ ತೊಲೆ ಯಾವ ಮರದ್ದು, ಹಂಚು ಯಾವ ಕಾರ್ಖಾನೆಯದ್ದು, ಪತ್ತಾಯಕ್ಕೆ ಎಷ್ಟು ಮುಡಿ ಹಿಡಿಸುತ್ತಿತ್ತು, ಒಕ್ಕಲುಗಳು ಎಲ್ಲಿ ನಿಲ್ಲುತ್ತಿದ್ದರು, ಅದನ್ನೂ ಬಿಡದೆ ಕೇಳಬೇಕು. ಮನೆ ಉಳಿದರೆ ಸಂತೋಷ, ಬಿಚ್ಚಿದರೂ ಕಾಗದದ ಮೇಲೆ ಅದು ಇರುತ್ತದೆ. ಕೇಳಿಕೊಂಡರೆ ಬೇಡ ಎನ್ನುವ ಮನೆಯವರು ಕಡಿಮೆ.

ನಮ್ಮ ಕಡೆ ಮನೆ ಬಿಚ್ಚುವುದು ದೀಪಾವಳಿ ಕಳೆದ ಮೇಲೆ ಶುರುವಾಗಿ ಮಳೆಗಾಲದ ಹೊಸ್ತಿಲಿನ ಪತ್ತನಾಜೆಯ ಒಳಗೆ ಮುಗಿಯುತ್ತದೆ, ಮಳೆ ಹಿಡಿದ ಮೇಲೆ ಯಾರೂ ಮಾಡಿಗೆ ಕೈ ಹಾಕುವುದಿಲ್ಲ. ಕಾಲೇಜುಗಳಿಗೆ ರಜೆ ಬರುವುದೂ ಅದೇ ಬೇಸಗೆಯಲ್ಲಿ. ಈ ವರ್ಷ ಒಂದು ತಾಲ್ಲೂಕಿಗೆ ಐದು ಮನೆಯಂತೆ ಶುರು ಮಾಡಿದರೂ ಪತ್ತನಾಜೆಯ ಹೊತ್ತಿಗೆ ಹದಿನೈದು ಮನೆಗಳ ನಕ್ಷೆ ಕೈಯಲ್ಲಿರುತ್ತದೆ.